ಅರವತ್ತರ ಎಣಿಕೆ

ಡಬ್ಬಿಯ ಮುಚ್ಚಳದ ಮೇಲೆ ಪೋರ್ಚುಗೀಸ್ ಅಕ್ಷರ:
ಅರ್ಧ ತುಕ್ಕು ತಿಂದದ್ದು, ಅರ್ಧ ನನಗೆ ಬಾರದ್ದು.
ಒಳಗೆ, ತೇವ ಹೀರಲೆಂದು ಹಾಕಿದ ಅಕ್ಕಿಯ ನಡುವೆ
ತೊಗರಿಬೇಳೆಯಗಲದ ಕೇಪುಗಳು. ನೂರಾ ಹನ್ನೆರಡು.
ಮಿಂಗೆಲ್ ಬಾಬ್ ಬರೆದಿಟ್ಟ ಚೀಟಿಯಲ್ಲಿ ನೂರಾ ಹದಿನಾರು.
ನಾಲ್ಕರ ಲೆಕ್ಕ ಅವನ ಜೊತೆಗೇ
ಇಗರ್ಜಿಯ ಹಿಂದೆ ಮಲಗಿದೆ.

ವಾಳಪೈ ಪೇಟೆಯಲ್ಲಿ ಕೋವಿ ರಿಪೇರಿಗೆ ಈಗ ನನ್ನದೊಂದೇ ಅಂಗಡಿ,
ಬೋರ್ಡಿನ ಮೇಲೆ ಇನ್ನೂ ಅವನ ಹೆಸರು.
ಲಾರಿಯಿಂದಿಳಿದ ನಂದಗಡದ ಹುಡುಗನಿಗೆ
ಅವನು ಮೊದಲು ಕಲಿಸಿದ್ದು ಗುರಿಯಲ್ಲ, ಮದ್ದಿನ ತೂಕವಲ್ಲ,
ಕೈ ತೊಳೆಯುವುದು.
ಎಣ್ಣೆಗೈ ಮುಟ್ಟಿದರೆ ಕೇಪು ಮುನಿಯುತ್ತದೆ, ಅನ್ನುತ್ತಿದ್ದ,
ಮತ್ತೆ ಒಲಿಯುವುದಿಲ್ಲ.

ಜಾನು ಗಾಂವಕರ ಹತ್ತು ಖಾಲಿ ಹಿತ್ತಾಳೆ ತೋಟೆ ತಂದ.
ಚುನಾವಣೆಯೆಂದು ಠಾಣೆಯಲ್ಲಿ ಕೂತಿದ್ದ ಕೋವಿ
ಮೊನ್ನೆ ಮನೆಗೆ ಬಂತಂತೆ;
ಅಷ್ಟರಲ್ಲಿ ಹಂದಿಗಳು ಗೆಣಸಿನ ಮಡಿಯನ್ನೆಲ್ಲ ಉತ್ತು ಮುಗಿಸಿದ್ದವು.
ಹೊಸ ಕೇಪು ಬೆಳಗಾವಿಯಿಂದ ಬರಬೇಕು.
ಬರುತ್ತದೆ ಅನ್ನುತ್ತಾರೆ.
ದೀಪಾವಳಿಯಿಂದ ಅನ್ನುತ್ತಿದ್ದಾರೆ.

ಹಳೆಯದನ್ನು ಕೇಳಿ ನೋಡೋಣ, ಎಂದೆ.

ಕೆಂಪುಕಲ್ಲು ತೆಗೆದ ಹೊಂಡ, ಎದುರಿಗೆ ಗೇರುಗುಡ್ಡ.
ಒಂದನೆಯದು ಢಂ. ಎರಡನೆಯದೂ.
ನಮ್ಮಲ್ಲಿ ಮದ್ದು ಎಂಬ ಒಂದೇ ಮಾತಿಗೆ ಎರಡು ಕೆಲಸ,
ವಾಸಿ ಮಾಡುವುದು, ಸುಡುವುದು.
ಎರಡಕ್ಕೂ ವಯಸ್ಸಾಗುತ್ತದೆ.
ಮೂರನೆಯದಕ್ಕೆ ಕುದುರೆ ಬಿತ್ತು,
ಟಕ್.
ಅಷ್ಟೇ.

"ಸತ್ತ ಕೇಪು ಯಾರನ್ನೂ ಕೊಲ್ಲುವುದಿಲ್ಲ, ಈರಾ,
ತಡ ಮಾಡುವ ಕೇಪು ಕೊಲ್ಲುತ್ತದೆ.
ನಳಿಗೆ ಗುಡ್ಡಕ್ಕೇ ಇರಲಿ. ಅರವತ್ತು ಎಣಿಸು."

ಮೂವತ್ತೊಂದು ವರ್ಷ ಕೊಂಕಣಿಯಲ್ಲೇ ಜಗಳ, ಉದ್ರಿ, ಸಂಸಾರ.
ಎಣಿಕೆ ಮಾತ್ರ ನಂದಗಡದ ಶಾಲೆಯದು,
ಗೋಡೆಗೆ ಬೆನ್ನು ಹಚ್ಚಿ ಮಗ್ಗಿ ಒದರಿದ ದನಿಯಲ್ಲಿ.
ಹದಿನೇಳು: ಮಣಿಕಟ್ಟಿನ ಮೇಲೊಂದು ಇರುವೆ, ನನಗಿಂತ ಧೈರ್ಯದ್ದು.
ಇಪ್ಪತ್ತೊಂಬತ್ತು: ಗುಡ್ಡದಾಚೆ ಕದಂಬ ಬಸ್ಸಿನ ಹಾರ್ನು.
ಮೂವತ್ತೆಂಟು: ಮಿಂಗೆಲ್ ಬಾಬ್ ಒಮ್ಮೆ, ಒಂದೇ ಒಮ್ಮೆ,
ಹನ್ನೊಂದಕ್ಕೆ ಎಣಿಕೆ ಬಿಟ್ಟಿದ್ದ.
ಆಮೇಲೆ ನಾವೆಲ್ಲ ಅವನ ಬಲಗಡೆ ನಿಂತೇ ಮಾತಾಡುತ್ತಿದ್ದೆವು.
ಐವತ್ತೆರಡು. ಎರಡು ಸಲ ಅಂದೆನೋ ಏನೋ.
ಮತ್ತೆ ಐವತ್ತರಿಂದ.

ತೆರೆದೆ. ಕೇಪಿನ ನಡುನೆತ್ತಿಯಲ್ಲಿ ಸೂಜಿಯ ಗುಳಿ, ಅಚ್ಚುಕಟ್ಟು.
ಪೆಟ್ಟು ತಿಂದಿತ್ತು, ದನಿ ಎತ್ತಿರಲಿಲ್ಲ.
ಇಂಥ ಮಂದಿಯನ್ನೂ ಕಂಡಿದ್ದೇನೆ.
ಅವರೆದುರೂ
ಅರವತ್ತು ಎಣಿಸುವುದು ಲೇಸು.

ಹತ್ತು ಹೊಡೆದು ನೋಡಿದೆ, ಏಳು ಮಾತಾಡಿದವು.
ಕೈ ತೊಳೆದು, ಒರೆಸಿ, ಜಾನುವಿನ ಹತ್ತನ್ನೂ ತುಂಬಿದೆ.
"ಇದರಲ್ಲೂ ಮೂರು ಮೂಕ ಇರಬಹುದು," ಎಂದೆ.
"ಯಾವ ಮೂರು?"
"ಗೊತ್ತಿದ್ದರೆ ತುಂಬುತ್ತಿದ್ದೆನೇ?"
ಅವನು ತೋಟೆಗಳನ್ನು ಒಂದೊಂದೇ ಚೀಲಕ್ಕೆ ಇಳಿಸಿದ.
"ಇರಲಿ ಬಿಡು. ಹಂದಿಗೂ ಗೊತ್ತಿಲ್ಲವಲ್ಲ."

ಬಿಲ್ಲು ಬರೆದೆ: ತೋಟೆ ಹತ್ತು, ದುಡ್ಡು ಏಳರದ್ದು.
ಮೆಟ್ಟಿಲಿಳಿದವನನ್ನು ಕೂಗಿ ಕೇಳಿದೆ,
ಎಷ್ಟು?
ಅರವತ್ತು.
ನಳಿಗೆ?
ಗುಡ್ಡಕ್ಕೇ.

ಅಕ್ಕಿ ಬದಲಿಸಿ ಡಬ್ಬಿ ಮುಚ್ಚಿದೆ.
ಹಳೆಯ ಚೀಟಿಯ ಕೆಳಗೆ, ಅವನ ಮಸಿಯ ಕೆಳಗೆ,
ನನ್ನ ಶಾಲೆಯ ಅಂಕಿಯಲ್ಲಿ ಬರೆದೆ:
೯೨.