ಮೂಗಿನ ನೌಕರಿ

ಮೇಲೆ ಮತ್ರಾಹ್‌ದ ಗುಡ್ಡ ಬಾಣಲೆಯ ಹಾಗೆ ಕಾಯುತ್ತದೆ.
ಕೆಳಗೆ, ಹೋಟೆಲಿನ ನೆಲಮಾಳಿಗೆಯಲ್ಲಿ, ಹದಿಮೂರು ಡಿಗ್ರಿ.
ಮಸ್ಕತ್ತಿನ ಬೇಸಿಗೆಯನ್ನು ಸ್ವೆಟರ್ ತೊಟ್ಟು ಕಳೆಯುವವನು ನಾನು,
ಲಾಲಸಾಬ ಮನಿಯಾರ, ಊರು ತಿಕೋಟಾ,
ಸೀಸೆಗಳ ಲೆಕ್ಕ ಬರೆಯುವವನು,
ಹನ್ನೊಂದು ವರ್ಷದಲ್ಲಿ ಒಂದು ಹನಿಯನ್ನೂ ನಾಲಿಗೆಗೆ ತಾಗಿಸದವನು.

ನಗಬಹುದು ನೀವು. ರೋಡೆಲ್ ದಿನಾ ನಗುತ್ತಾನೆ:
ಮಿಠಾಯಿ ಅಂಗಡಿಗೆ ಸಕ್ಕರೆ ಕಾಯಿಲೆಯ ಕಾವಲುಗಾರ.

ಮಾರ್ಚಿನಲ್ಲಿ ಆಲ್ಪ್ಸ್ ಪರ್ವತದ ಕಣಿವೆಯಿಂದ ಬಂದಳು ವಾಲ್ಟ್ರೌಡ್
(ಮನಸ್ಸಿನಲ್ಲೇ ಒಂದು 'ಬಾಯಿ' ಸೇರಿಸಿ ಗೌರವ ಕೊಟ್ಟೆ)
ಹನ್ನೆರಡು ಸೀಸೆ ತಂದಿದ್ದಳು, ನಮಗೆಲ್ಲ ಪಾಠ ಹೇಳಲು.
ಬಿಳಿ ಹಾಸಿನ ಮೇಜು, ಪಕ್ಕದಲ್ಲಿ ತಾಮ್ರದ ಪೀಕದಾನಿ.
ಕುಡಿಯುವ ವಿದ್ಯೆಯ ಮೊದಲ ಪಾಠವೇ ಉಗುಳುವುದಂತೆ.
ನನಗೆ ಬೇಡ, ನಾನು ಮೂಸುತ್ತೇನೆ, ಅಂದೆ.
ಆಯಿತು ಎಂದಳು, ಅರ್ಧ ವೈನು ಮೂಗಿನಲ್ಲೇ ಇದೆ.

ಮೊದಲು ಸ್ಕಿಯಾವಾ. ನೀರು ಜಾಸ್ತಿಯಾದ ಕೋಕಮ್ ಶರಬತ್ತು.
ಆಮೇಲೆ ಲಾಗ್ರೈನ್: ಹೊಸ ಇಳಕಲ್ ಸೀರೆಯ
ಮೊದಲ ಒಗೆತದಲ್ಲಿ ಬಕೆಟ್ಟಿಗೆ ಇಳಿಯುವ ಬಣ್ಣ,
ವಾಸನೆ ಮಾತ್ರ ಮಳೆ ಬೀಳದ ಮೋಡದ್ದು.
ಮೂರನೆಯದರ ಹೆಸರು ಬಾಯಲ್ಲಿ ಹಿಡಿಸದಷ್ಟು ಉದ್ದ,
ಗೆವುರ್ಟ್ಸ್‌ಟ್ರಮೀನರ್. ಹೆಸರು ಮುಗಿಯುವ ಮೊದಲೇ ಪರಿಮಳ ಬಂತು.
ಗುಲಾಬಿ, ಅಂದೆ.
ಎಲ್ಲಿಯ ಗುಲಾಬಿ ಎಂದು ಕೇಳಿದಳು.
ಉರುಸಿನ ರಾತ್ರಿ, ಚಾದರದ ಅಡಿ ಬಾಡುತ್ತಿದ್ದ ಗುಲಾಬಿ.
ಅದನ್ನು ಹೇಳಲಿಲ್ಲ. ತೋಟದ್ದು, ಅಂದೆ.

ಒಂಬತ್ತನೆಯ ಸೀಸೆಗೆ ಎಲ್ಲರೂ ತಲೆದೂಗಿದರು.
ರೋಡೆಲ್ ಸೇಬು ಅಂದ, ತೇಕ್ ಬಹಾದ್ದೂರ್ ಜೇನು ಅಂದ.
ನನ್ನ ಮೂಗಿಗೆ ಮಾತ್ರ ಬೆಂಕಿಕಡ್ಡಿ ಗೀರಿದಂತಾಯಿತು.
ತಿಕೋಟಾದ ಒಣದ್ರಾಕ್ಷಿ ಶೆಡ್ಡು, ಗಂಧಕದ ಹೊಗೆ,
ತೊಟ್ಟು ಬಿಡಿಸುತ್ತ ಅಂಟಂಟಾದ ಅಮ್ಮಿಯ ಬೆರಳು—
"ತೊಳದ್ರೂ ಹೋಗಂಗಿಲ್ಲ ನೋಡು ಇದು" ಅನ್ನುತ್ತಲೇ
ಅದೇ ಕೈಯಿಂದ ನನ್ನ ಕೆನ್ನೆ ಹಿಡಿಯುತ್ತಿದ್ದಳು.

ಗಂಧಕ, ಅಂದೆ.
ವಾಲ್ಟ್ರೌಡ್ ಮತ್ತೆ ಮೂಸಿದಳು. ಮತ್ತೊಮ್ಮೆ.
ಮುಖ ಕೆಂಪಾಯಿತು: ಅದು ಅವಳ ತಮ್ಮ ತುಂಬಿಸಿದ ಸೀಸೆ.

ಏನೂ ಮಾತಾಡದೆ ಕಾಗದದ ಹಿಂಬದಿಗೆ ಚಿತ್ರ ಬಿಡಿಸತೊಡಗಿದಳು.
ಬೆಟ್ಟದ ಸೊಂಟ ಸುತ್ತಿ ಬರುವ ಹಿಮದ ನೀರು,
ಮರದ ದೋಣಿ, ದೋಣಿಯಲ್ಲೊಂದು ಚಕ್ರ, ಚಕ್ರಕ್ಕೊಂದು ಸುತ್ತಿಗೆ.
ನೀರು ಹರಿಯುವ ತನಕ ಟಕ್, ಟಕ್.
ಸದ್ದು ನಿಂತರೆ ಕಾವಲಿನ ಮುದುಕ ನಿದ್ದೆಯಿಂದ ಎದ್ದು
ಲಾಟೀನು ಹಿಡಿದು ಬೆಟ್ಟ ಹತ್ತುತ್ತಿದ್ದನಂತೆ, ಅವಳ ಅಜ್ಜ.

ಪರವಾನಗಿ ಕಾಗದಕ್ಕೆ ಬಾಗಿಲಾಚೆ ನಿಂತೇ ಸಹಿ ಹಾಕುವವನು
ಝಾಹಿರ್ ಅಲ್ ರಿಯಾಮಿ, ಈ ಕೋಣೆಯ ಹೊಸ್ತಿಲು ದಾಟದವನು,
ದೂರದಿಂದಲೇ ಚಿತ್ರ ನೋಡಿ ಒಂದು ಹೆಜ್ಜೆ ಒಳಗಿಟ್ಟ.
ಫಲಜ್! ನಮ್ಮೂರಿನದು! ದಾಳಿಂಬೆಯ ಸರದಿ, ಬಳ್ಳಿಯ ಸರದಿ,
ರಾತ್ರಿಯ ಪಾಳಿಯನ್ನು ನಕ್ಷತ್ರ ನೋಡಿ ಹಂಚುತ್ತಿದ್ದರು.
ನಾನೂ ಪೆನ್ನು ಕಿತ್ತುಕೊಂಡೆ. ವಿಜಾಪುರದ ಸುರಂಗ ಬಾವಿ,
ಆದಿಲಶಾಹಿಯವರು ನೆಲದೊಳಗೆ ಕಡಿದ ನೀರಿನ ದಾರಿ,
ನಡುನಡುವೆ ಉಸಿರಾಡಲು ಮೇಲೆ ತೆರೆದ ಬಾಯಿಗಳು.
(ಈಗ ಅರ್ಧಕ್ಕರ್ಧ ಹೂಳು. ಅದನ್ನು ಬಿಡಿಸಲಿಲ್ಲ.)
ಕಾಗದದಲ್ಲಿ ಜಾಗ ಸಾಲದೆ
ನನ್ನ ನೀರು ಅವಳ ಬೆಟ್ಟದ ಬುಡಕ್ಕೆ ಹೋಗಿ ಸೇರಿತು.
ಗ್ಲಾಸುಗಳು ಹಾಗೇ ಬೆಚ್ಚಗಾದವು. ಯಾರೂ ಮುಟ್ಟಲಿಲ್ಲ.

ಅವಳು ಹೋದಳು. ರಮಜಾನ್ ಬಂತು.
ಮೇಲೆ ಬಾರಿಗೆ ಬೀಗ, ಕೆಳಗೆ ಸೀಸೆಗಳು ಕತ್ತಲಲ್ಲಿ ಮಲಗಿವೆ.
ಉಪವಾಸದ ಬಾಯಲ್ಲಿ ದಿನಕ್ಕೆರಡು ಸಲ ಇಳಿದು ಡಿಗ್ರಿ ನೋಡುತ್ತೇನೆ.
ಗೋಡೆಯಾಚೆ ಕಂಪ್ರೆಸರ್, ಟಕ್, ಟಕ್.
ಅದು ನಿಂತರೆ ಮಾತ್ರ ನನಗೆ ಎಚ್ಚರವಾಗುತ್ತದೆ ಈಗೀಗ.

ಒಂಬತ್ತನೆಯ ಸೀಸೆಯ ಪೆಟ್ಟಿಗೆ ವಾಪಸು ಹೋಗಬೇಕು.
ಫಾರಮ್ಮಿನಲ್ಲಿ ಕಾರಣ ಬರೆಯಲು ಒಂದು ಬೆರಳಗಲ ಜಾಗ.
'ಗಂಧಕ ಜಾಸ್ತಿ' ಎಂದು ಬರೆದೆ.
ಸುಳ್ಳೇನಲ್ಲ.