ನಾಲ್ಕು ಮೈಲಿ ಮಣ್ಣು

ಮಾರ್ಚ್ ಕೊನೆ. ಟ್ರೂಚಾಸ್ ಬೆಟ್ಟದ ಹಿಮ
ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ವಾರ.
ಎಸ್ಪನ್ಯೋಲಾದಲ್ಲಿ, ಸೇತುವೆಗೆ ಈಚೆ, ನನ್ನ ಟೈರಂಗಡಿ.
ಗಿರಾಕಿಗಳೆಲ್ಲ ಈ ವಾರವೇ ಬರುತ್ತಾರೆ;
ಜಾರುವ ತನಕ ಯಾರಿಗೂ ಚಕ್ರದ ನೆನಪಿಲ್ಲ.

ಎಲೊಯಿಸಾ ಆರ್ಚುಲೆಟಾ ಇಳಿದಳು.
ಹನ್ನೊಂದು ವರ್ಷದ ಬಿಳಿ ಪಿಕಪ್ಪು,
ಒಂದು ಬಾಗಿಲಿಗೆ ಮಾತ್ರ ಬೇರೆ ಬಣ್ಣ.
ಲಾಸ್ ಅಲಾಮೋಸ್ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ,
ಬೆಳಗಿನ ಪಾಳಿ, ಐದೂವರೆಗೆ ಹಾಜರಿ.
‘ನಾಲ್ಕು ಬೇಕು’ ಅಂದಳು,
ಮೊಟ್ಟೆ ಕೇಳಿದ ಹಾಗೆ.

ನಾನು ಮೊದಲು ಹಳೆಯ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತೇನೆ.
ಬಾಯಿ ಸುಳ್ಳು ಹೇಳೀತು, ರಬ್ಬರು ಹೇಳದು.
ಗೀರುಗಳಲ್ಲಿ ಹೆಬ್ಬೆರಳಾಡಿಸಿದೆ:
ಎಡಗಡೆ ಮುಂದಿನದು ಹೊರ ಅಂಚಿಗೆ ಬೋಳು.
‘ಇಳಿಜಾರಿನ ಬಲ ತಿರುವು,
ವೇಗ ಇಳಿಸದೆ ಹೊರಳಿಸುತ್ತೀರಿ.’
‘ಹೊತ್ತಾಗಿರುತ್ತದೆ’ ಅಂದಳು,
ಸಿಕ್ಕಿಬಿದ್ದ ನಗು.

ಹಳೇ ರಸೀದಿಯ ಬೆನ್ನ ಮೇಲೆ ಲೆಕ್ಕ:
ಡಾಂಬರು ಮೂವತ್ತೆಂಟು ಮೈಲಿ. ಮಣ್ಣು, ನಾಲ್ಕು.
ಬಹುಮತಕ್ಕೆ ಬಿಟ್ಟರೆ ಡಾಂಬರಿನದೇ ಗೆಲುವು,
ನುಣ್ಣನೆ ಟೈರು, ಸದ್ದಿಲ್ಲ, ಪೆಟ್ರೋಲೂ ಉಳಿಯುತ್ತದೆ.
ಹಾಗಂತ ಹೇಳಿಯೂ ಬಿಟ್ಟೆ.

ಅವಳು ಫೆಬ್ರವರಿಯ ಒಂದು ಬೆಳಗಿನ ಜಾವ ಹೇಳಿದಳು.
ನಾಲ್ಕು ಗಂಟೆ. ಗಾಡಿಜಾಡಿನಲ್ಲಿ ಅಚ್ಚಿನ ತನಕ ಕೆಸರು.
ಕೆಲಸದ ಬೂಟಿನಲ್ಲೇ ಎರಡು ಮೈಲಿ ನಡೆದು
ಒನೊಫ್ರೆಯ ಟ್ರ್ಯಾಕ್ಟರು ಎಬ್ಬಿಸಿದ್ದು;
ಹಿಂದಿನಿಂದ ಹೆಡ್‌ಲೈಟು ಸುಮ್ಮನೆ
ಜುನಿಪರ್ ಗಿಡಗಳನ್ನು ನೋಡುತ್ತ ಇದ್ದದ್ದು;
ಆ ದಿನದ ಕೂಲಿ ಹೋದದ್ದು.
‘ಮೂವತ್ತೆಂಟು ಮೈಲಿ ಒಂದು ದಿನವೂ ನನ್ನ ತಡೆದಿಲ್ಲ’ ಅಂದಳು.

ಅಷ್ಟರಲ್ಲಿ ಗಂಡನ ಫೋನು, ಸ್ಪೀಕರಿನಲ್ಲಿ:
‘ದೊಡ್ಡ ಹಲ್ಲಿನದು ಹಾಕಿಸು! ಬಿಳಿ ಅಕ್ಷರ ಹೊರಗೆ!’
‘ಬೆಲಾರ್ಮಿನೊ, ಓಡಿಸುವವಳು ನಾನು,
ನೀನು ಭಾನುವಾರ ತೊಳೆಯುವವನು.’
ಫೋನು ಜೇಬಿಗೆ.

ಹಾಗೆ ನಡುವಿನದಕ್ಕೆ ಬಂದೆವು,
ಮಣ್ಣಿಗೂ ಡಾಂಬರಿಗೂ ಒಗ್ಗುವ ಆಲ್-ಟೆರೇನ್,
ಕೆಸರು ಕಚ್ಚುವಷ್ಟು ಹಲ್ಲು, ಕಿವಿ ತಿನ್ನದಷ್ಟು.
‘ಆದರೂ ಅರವತ್ತು ದಾಟಿದರೆ ಗುಂಯ್ ಅನ್ನುತ್ತೆ’ ಎಂದೆ.
‘ಹದಿನಾರು ಡ್ರೈಯರು ತಿರುಗುವ ಕೋಣೆ ನನ್ನದು.
ಗುಂಯ್ ಅನ್ನದಿದ್ದರೇ ನನಗೆ ಗಾಬರಿ.’

ಕಪಾಟಿನ ಮೇಲ್ಸಾಲಲ್ಲಿ ಹತ್ತು ಪದರದ್ದು, ಭಾರಿ ಹೊರೆಗೆ.
ಅದು ಮಾರಿದರೆ ನನಗೆ ನಲವತ್ತು ಡಾಲರ್ ಹೆಚ್ಚು.
‘ಸೌದೆ ತರುತ್ತೀರಾ?’
‘ಅಕ್ಟೋಬರಿನಲ್ಲಿ ಮೂರು ಸಲ.’
‘ಮೂರು ಸಲಕ್ಕಾಗಿ ವರ್ಷವಿಡೀ ಅಷ್ಟು ತೂಕ ಉರುಳಿಸಬೇಡಿ.’

ಹೇಳಿದ ಮೇಲೆ ನಾಲಿಗೆ ತಡೆಯಿತು.
ನಾಲ್ಕು ಮೈಲಿಗೆ ಮಣಿದವನು
ಮೂರು ಸಲಕ್ಕೆ ಯಾಕೆ ಮಣಿಯಲಿಲ್ಲ?
ಯಾವ ಸ್ವಲ್ಪದ ಮಾತು ಕೇಳಬೇಕು,
ಯಾವುದನ್ನು ಗದರಿ ಕೂರಿಸಬೇಕು,
ಇಪ್ಪತ್ತಾರು ವರ್ಷ ಈ ಕಸುಬು,
ಕೈಗೆ ಗೊತ್ತು, ನನಗಿನ್ನೂ ಗೊತ್ತಿಲ್ಲ.

ಬಿಳಿ ಅಕ್ಷರ ಒಳಮುಖ ಮಾಡಿ ಏರಿಸಿದೆ.
ಓದಬೇಕಿದ್ದರೆ ಬೆಲಾರ್ಮಿನೊ ಗಾಡಿಯಡಿ ಮಲಗಲಿ.
‘ಐವತ್ತು ಮೈಲಿ ಆದಮೇಲೆ ನಟ್ಟು ಬಿಗಿಸಲು ಬನ್ನಿ.’
ಅವಳು ನನ್ನ ಗಾಡಿಯತ್ತ ಗಲ್ಲ ಎತ್ತಿದಳು:
‘ಅದಕ್ಕೆ ಯಾವಾಗ?’
ದೀಪದ ಬುಡದ ಕತ್ತಲೆ ಇಷ್ಟು ದೂರಕ್ಕೆ ಕಾಣುತ್ತದೆಂದು
ನಾನು ಎಣಿಸಿರಲಿಲ್ಲ.
‘ಮನೆ ಇಲ್ಲೇ, ಎರಡು ಬೀದಿ’ ಅಂದೆ.
ಹೌದು ಹೌದು ಎಂಬಂತೆ ತಲೆಯಾಡಿಸಿದಳು,
ಆಸ್ಪತ್ರೆಯವರು ಆಡಿಸುವ ಹಾಗೆ.

ಹೊಸ ಟೈರಿನ ಮೈತುಂಬ ಸಣ್ಣ ರಬ್ಬರು ರೋಮ,
ಹುಟ್ಟಿದ ಕರುವಿನ ಕಿವಿಯಲ್ಲಿರುವಂಥದು.
ಗುಡ್ಡ ಹತ್ತುವಷ್ಟರಲ್ಲಿ ಡಾಂಬರು ಅದನ್ನು ಬೋಳಿಸುತ್ತದೆ,
ಮಣ್ಣು ಅದನ್ನು ನೋಡುವುದೇ ಇಲ್ಲ.
ಗಾಡಿ ಸೇತುವೆ ದಾಟಿತು. ಕಿವಿಗೊಟ್ಟು ನಿಂತೆ.
ಗುಂಯ್ ಅಂತು, ಸ್ವಲ್ಪವೇ.