ಹಳೆ ಲಿಫ್ಟಿನ ತಾಮ್ರ

ತಿಬಿಲಿಸಿಯಿಂದ ರುಸ್ತಾವಿಯ ನಮ್ಮ ಕಟ್ಟಡಕ್ಕೆ
ಹೊಸ ಲಿಫ್ಟು ಬಂದ ವಾರ
ಹಳೆಯದರ ಮೋಟಾರನ್ನು ಹಿಪ್ಪುನೇರಳೆ ಮರದಡಿ
ಸತ್ತ ಎಮ್ಮೆಯ ಹಾಗೆ ಕೆಡವಿ ಹೋಗಿದ್ದರು.

ಓತಿಯಾ ಅದರ ಹೊಟ್ಟೆ ಬಗೆದ.
ಮೂವತ್ತು ವರ್ಷ ಗ್ರೀಸು ಹಚ್ಚಿ ಸಾಕಿದವನು,
ಬಗೆಯುವ ಹಕ್ಕು ಬೇರೆ ಯಾರಿಗಿದೆ?
ಸುತ್ತು, ಸುತ್ತು, ಸುತ್ತು, ಕಾಕಂಬಿ ಬಣ್ಣದ ತಂತಿ;
ಬಕೆಟ್ಟು ತುಂಬಿಸಿ, ಹೊಸ ಲಿಫ್ಟಿನ ಡಬ್ಬಿಗೆ ಹತ್ತು ತೆತ್ರಿ ಹಾಕಿ
ಹಳೆ ಲಿಫ್ಟಿನ ಕರುಳನ್ನು
ಏಳನೆಯ ಮಹಡಿಗೆ ಹತ್ತಿಸಿದ.
ಗುಜರಿಯ ಜೌರಿ ಕೆ.ಜಿ.ಗೆ ಇಷ್ಟು ಅಂತ ಬೆರಳು ಮಡಿಸಿ ತೋರಿಸಿದ.
ಓತಿಯಾ ತಲೆ ಎತ್ತಲಿಲ್ಲ.

ನನಗಾಗ ಹನ್ನೊಂದು. ನನ್ನ ಕೆಲಸ, ಹಿಡಿದುಕೊಳ್ಳುವುದು.
ಕಾರಿಡಾರಿನ ಆ ತುದಿಗೆ, ನಮ್ಮ ಬಾಗಿಲ ಮುಂದೆ, ನಾನು;
ಈ ತುದಿಗೆ ಕೈಡ್ರಿಲ್ಲಿನ ಮೂತಿಗೆ ಎಳೆಗಳ ಸಿಕ್ಕಿಸಿ ಅವನು.
"ಬಿಟ್ಟೆಯೋ, ಹಾವಾಗುತ್ತೆ."
ತಿರುವಿದ.
ಯಾರೂ ಹೇಳಿರಲಿಲ್ಲ ನನಗೆ
ಹೊಸೆದಷ್ಟೂ ತಂತಿ ಗಿಡ್ಡವಾಗುತ್ತದೆ,
ಹಿಡಿದವರನ್ನೇ ಎಳೆಯುತ್ತದೆ ಎಂದು.
ಒಂದು ಹೆಜ್ಜೆ. ತಡೆದು, ಇನ್ನೊಂದು.
ಮೂವತ್ತೊಂದನೆ ಮನೆಯ ಉಪ್ಪಿನಕಾಯಿ ಜಾಡಿಗಳ ದಾಟಿ,
ಚಕ್ರವಿಲ್ಲದ ಯಾರದೋ ಸೈಕಲ್ಲು ದಾಟಿ,
ಚಪ್ಪಲಿ ಸವರುತ್ತ ಸವರುತ್ತ
ಅವನ ಉಸಿರಿನ ಬೆಳ್ಳುಳ್ಳಿ ತಗುಲುವಷ್ಟು ಹತ್ತಿರ.

ತುದಿಯ ಅರಗು ಬ್ಲೇಡಿಗೆ ಬಗ್ಗಲಿಲ್ಲ.
ಆಸ್ಪಿರಿನ್ ಮಾತ್ರೆಯ ಮೇಲೆ ತಂತಿಯಿಟ್ಟು
ಕಾದ ಬೆಸುಗೆ ಕಡ್ಡಿ ಒತ್ತಿದ:
ಬಿಳಿ ಹೊಗೆ, ಮೂಗಿನೊಳಗೆಲ್ಲ ಸಾಸಿವೆ.
"ಅದು ನನ್ನ ಮಾತ್ರೆ!" ಅಡುಗೆಮನೆಯಿಂದ ನಾಜಿಬ್ರೋಲಾ,
"ಈಗ ತಂತಿಗೂ ತಲೆನೋವೋ?
ನಿನ್ನ ಕೈಗೆ ಸಿಕ್ಕರೆ ಯಾವುದಕ್ಕೆ ಬರುವುದಿಲ್ಲ!"
ಅವಳ ಉಗುರುಬಣ್ಣದ ಶೀಶೆ ನನ್ನ ಕೈಗಿತ್ತ,
ಪ್ಲಸ್ಸಿಗೆಲ್ಲ ಒಂದೊಂದು ಕೆಂಪು ಬೊಟ್ಟು.

ರೀಗಾದಲ್ಲಿ ಮಾಡಿದ ಸ್ಪೀಕರುಗಳು, ಒಂದೊಂದೂ ಕರುವಿನ ತೂಕ.
ತಟ್ಟೆಯ ಮೇಲೆ ಮುಳ್ಳು ಇಳಿಸಿದ.
ಮೂವರು ಕೂಡಿ ಹಾಡುವ ಊಟದ ಹಾಡು.
ಮೇಲಿನ ದನಿ ಇತ್ತು. ನಡುವಿನದೂ ಇತ್ತು.
ನಾವು ಬಾನಿ ಅನ್ನುತ್ತೇವಲ್ಲ, ಆ ತಳದ ದನಿ,
ಉಳಿದಿಬ್ಬರಿಗೆ ಕಾಲೂರಲು ಹಾಸಿರಬೇಕಾದದ್ದು
ಇರಲೇ ಇಲ್ಲ.
ಒಣಹಾಕಿದ ಅಂಗಿಗಳಂತೆ ಇಬ್ಬರೂ ನೇತಾಡುತ್ತಿದ್ದರು.

"ಇಷ್ಟಕ್ಕೆ ನನ್ನ ಮಾತ್ರೆ," ಅಂದಳು.
ಓತಿಯಾ ಎಡಗಡೆಯದರ ಬೆನ್ನಿಗೆ ಬಗ್ಗಿ ನೋಡಿದ.
ಬೊಟ್ಟು ತಪ್ಪು ಎಳೆಗೆ ಬಿದ್ದಿತ್ತು.
ನನ್ನ ಬೊಟ್ಟು.
ಬೈಯಲಿಲ್ಲ; ಬಿಚ್ಚಿದ, ಅದಲುಬದಲು ಕಟ್ಟಿದ.

ಬಂದ.
ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಕಡೆ,
ಎದೆಯಗಲದ ಮೂರನೆಯವನು ಬಂದು ನಿಂತ.
ಕಪಾಟಿನ ಲೋಟಗಳು ಒಳಗೊಳಗೇ ಗುನುಗಿದವು.
ನಾಜಿಬ್ರೋಲಾ ಕೈ ಒರೆಸುತ್ತ ಬಂದಳು,
ಅವನಿಗೆ ಜಾಗ ಬಿಟ್ಟು, ಬದಿಗೆ ಕೂತಳು.

ಹೊರಗೆ ಹೊಸ ಲಿಫ್ಟು
ನಾಲ್ಕಕ್ಕೂ ಐದಕ್ಕೂ ನಡುವೆ ಸಿಕ್ಕಿಕೊಂಡು
ಯಾರೋ ಒಂದೇ ಸಮ ಗಂಟೆ ಒತ್ತುತ್ತಿದ್ದರು.
"ಈ ಬದಿ ಮುಗಿಯಲಿ," ಅಂದ ಓತಿಯಾ.